ಎಡಗಡೆಯ ಎತ್ತು

"ಗೌಡ್ರ, ಇವತ್ತು ನಾ ಕುಂದ್ರಂಗಿಲ್ಲ," ಎಂದಳು ಶೇವಂತೆವ್ವ. "ನಿಂತ ಹೇಳ್ತೇನಿ. ಕುಂತ್ರ ನನಗ ಅಂಜಿಕಿ ಬರ್ತೈತಿ."

ಬೇವಿನ ಮರದ ಕಟ್ಟೆಯ ಮೇಲಿದ್ದ ಏಳೆಂಟು ಮಂದಿ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉತ್ತರಿ ಮಳೆ ಬಿದ್ದು ನಾಲ್ಕು ದಿನವಾಗಿತ್ತು. ಮಸೂತಿ ಊರಿನ ಕಪ್ಪು ಎರಿ ಹೊಲಗಳೆಲ್ಲ ಹದಕ್ಕೆ ಬಂದಿದ್ದವು. ನಾಳೆಯೋ ನಾಡಿದ್ದೋ ಹಿಂಗಾರಿ ಬಿತ್ತಿಗೆ ಶುರುವಾಗಬೇಕು. ಇಂಥ ಹೊತ್ತಿನಲ್ಲಿ ಬೆಳಗಾಗೆದ್ದು ಕಟ್ಟೆಗೆ ನ್ಯಾಯ ತರುವವರು ಯಾರು? ಅದೂ ಈ ಶೇವಂತೆವ್ವ! ಗಂಡ ಸಿದ್ದರಾಯ ವರ್ಷದಲ್ಲಿ ಆರು ತಿಂಗಳು ಕುರಿಗಳ ಬೆನ್ನು ಹತ್ತಿ ಊರಾಚೆ ಇರುವವನು. ಇವಳು ನಾಲ್ಕೆಕರೆ ಹೊಲ ಮಾಡಿಕೊಂಡು, ಬಿತ್ತಿಗೆಯ ದಿನಗಳಲ್ಲಿ ಕಂಡವರ ಹೊಲಕ್ಕೂ ಕೂಲಿಗೆ ಹೋಗಿ, ತಾನಾಯಿತು ತನ್ನ ಪಾಡಾಯಿತು ಎಂದು ಇದ್ದವಳು. ಅರವತ್ತರ ಹತ್ತಿರ ಬಂದರೂ ಅವಳ ದನಿ ಎಂಥದು ಎಂದು ಕಟ್ಟೆಯ ಎಷ್ಟೋ ಮಂದಿಗೆ ಗೊತ್ತೇ ಇರಲಿಲ್ಲ.

"ನಿಂತ ಹೇಳು, ಅದಕ್ಕೇನು," ಎಂದರು ಬಸಂತರಾಯಗೌಡರು. "ಯಾರ ಮ್ಯಾಲ ನಿನ್ನ ತಕರಾರು?"

"ನಿಮ್ಮ ಮ್ಯಾಲ್ರಿ."

ಗೌಡರು ನಕ್ಕರು. ಮತ್ತಾರೂ ನಗಲಿಲ್ಲ. ಆಗ ಅವರೂ ನಗು ನಿಲ್ಲಿಸಿದರು.

ಬಸಂತರಾಯಗೌಡರೆಂದರೆ ಯಾರು ಎಂದು ಈ ಸೀಮೆಯಲ್ಲಿ ಕೇಳಬೇಕಾಗಿಲ್ಲ. ಎಪ್ಪತ್ತೆರಡು ವಯಸ್ಸು, ಬಿಳಿ ಗಾಂಧಿ ಟೋಪಿ, ಗಡಿಬಿಡಿ ಇಲ್ಲದ ಮಾತು. ನ್ಯಾಯಕ್ಕೆ ಬಾಗೇವಾಡಿಯವರು ಬರುತ್ತಾರೆ, ಮುದ್ದೇಬಿಹಾಳದಿಂದ ಜೀಪು ಮಾಡಿಕೊಂಡು ಬರುತ್ತಾರೆ, ಸಿಂದಗಿಯಲ್ಲಿ ವಕೀಲರನ್ನು ಕಂಡು ಬೇಸತ್ತವರೂ ಕೊನೆಗೆ ಇಲ್ಲಿಗೇ ಬರುತ್ತಾರೆ. ಅವರು ನ್ಯಾಯ ಹೇಳುವ ಪದ್ಧತಿಯೇ ಬೇರೆ. ವಾದ ಕೇಳಿದ ಮೇಲೆ ಅವರು ಅದಲಿಬದಲಿ ಮಾಡಿಸುತ್ತಾರೆ. ನೀನು ಅವನ ಮಾತು ಹೇಳು, ಅವನು ನಿನ್ನ ಮಾತು ಹೇಳಲಿ. 'ನಾನು' ಎಂದೇ ಹೇಳಬೇಕು. ಎದುರಿನವನು "ಹೌದು, ಇದ ನನ್ನ ಮಾತು" ಎಂದು ಒಪ್ಪುವತನಕ ಹೇಳಬೇಕು. ದೇವರ ಹಿಪ್ಪರಗಿ ಕಡೆಯ ಅಣ್ಣತಮ್ಮಂದಿರಿಬ್ಬರು ಒಂದು ಬಾವಿಗಾಗಿ ಕೊಡಲಿ ಹಿಡಿದವರು ಇಲ್ಲಿಗೆ ಬಂದಿದ್ದರು. ಅಣ್ಣ ತಮ್ಮನ ಮಾತು ಹೇಳುತ್ತ ಹೇಳುತ್ತ ಅರ್ಧಕ್ಕೆ ಬರುವುದರೊಳಗೆ ಟವೆಲಿನಿಂದ ಕಣ್ಣು ಒರೆಸಿಕೊಂಡ. ತೀರ್ಪಿಲ್ಲದೇ ಇಬ್ಬರೂ ಒಂದೇ ಬಸ್ಸು ಹತ್ತಿ ಹೋದರು. ಇಂಥ ಕಥೆಗಳು ನೂರಿವೆ. ಶಾಣ್ಯಾತನ ಅಂದರೇನು ಎಂದು ಯಾರಾದರೂ ಕೇಳಿದರೆ ಗೌಡರು, "ತನ್ನ ಬಾಯಾಗ ಮಂದಿ ಮಾತು ಬರೂದು, ಅಷ್ಟ," ಎನ್ನುತ್ತಿದ್ದರು. ಕೇಳಿದವರು ತಲೆದೂಗುತ್ತಿದ್ದರು. ಗೌಡರಿಗೂ ಆ ತಲೆದೂಗುವಿಕೆ ರುಚಿಸುತ್ತಿತ್ತು, ಸುಳ್ಳೇಕೆ ಹೇಳಬೇಕು?

"ಏನ್ ನನ್ನ ಮ್ಯಾಲಿನ ತಕರಾರು?" ಎಂದರು.

"ಕಲ್ಮೇಶಪ್ಪ ನಮ್ಮಿಬ್ಬರ ನಡುವಿನ ಬದುವಿಗೆ ತಂತಿ ಬೇಲಿ ಹಾಕಾಕತ್ತಾನ. ನಿನ್ನಿ ಸಂಜಿಗೆ ಸಿಮೆಂಟ್ ಕಂಬ ಇಳದಾವ. ಬೇಲಿ ಬಿತ್ತಂದ್ರ ಮುಗೀತು. ಆ ಬದು ಇರೂ ಜಾಗಾ ಅದಲ್ಲ. ನನ್ನ ಮೂರು ಸಾಲು ನಿಮ್ಮ ಹೊಲದಾಗ ಅದಾವ."

ಕಟ್ಟೆಯ ಬದಿಯಲ್ಲಿ ಮೋಟರ್ ಸೈಕಲ್ ಮೇಲೆ ಕುಳಿತಿದ್ದ ಕಲ್ಮೇಶ, ಗೌಡರ ಒಬ್ಬನೇ ಮಗ, ಧಡಕ್ಕನೆ ಕೆಳಗಿಳಿದ. "ಏ ಯವ್ವಾ, ನಿದ್ದಿಗಣ್ಣಾಗ ಬಂದೀಯೇನ? ಯಾರ ಮುಂದ ಏನ್ ಮಾತಾಡಾಕತ್ತಿ?"

"ನೀ ಸುಮ್ನಿರು," ಎಂದರು ಗೌಡರು. "ಮೂರು ಸಾಲು ಅಂತ ಹೆಂಗ ಹೇಳ್ತಿ, ಶೇವಂತೆವ್ವ?"

"ಹಿಡಿ ಲೆಕ್ಕದ ಮ್ಯಾಲ್ರಿ."

ಅವಳು ಹೇಳಿದ್ದು ಇಷ್ಟು. ಜೋಳ ಬಿತ್ತುವಾಗ ಕೂರಿಗೆಯ ಹಿಂದೆ ಒಬ್ಬ ಹೆಣ್ಣುಮಗಳು ಅಕ್ಕಡಿ ಬಿಡುತ್ತ ನಡೆಯುತ್ತಾಳೆ. ಕೂರಿಗೆಗೆ ಹಗ್ಗದಿಂದ ಕಟ್ಟಿದ ಕೊಳವೆಯೊಳಗೆ ಕುಸುಬಿ ಬೀಜ ಬಿಡುವುದು ಅವಳ ಕೆಲಸ. ಕೂರಿಗೆ ಒಮ್ಮೆ ಈ ತುದಿಯಿಂದ ಆ ತುದಿಗೆ ಹೋದರೆ ಒಂದು ಕುಸುಬಿ ಸಾಲು. ಸಾಲಿಗೆ ಒಂದು ಹಿಡಿ ಬೀಜ. ಶೇವಂತೆವ್ವ ಮದುವೆಯಾಗಿ ಬಂದ ವರ್ಷ ಅತ್ತೆ ಅವಳ ಉಡಿಯೊಳಗೆ ಅರವತ್ತೆರಡು ಹಿಡಿ ಎಣಿಸಿ ಹಾಕಿದ್ದಳು. ಕೊನೆಯ ಸಾಲಿಗೆ ಕೊನೆಯ ಹಿಡಿ ಮುಗಿದಿತ್ತು. ಹತ್ತು ಹನ್ನೆರಡು ವರ್ಷ ಹಾಗೇ ನಡೆಯಿತು. ಆಮೇಲೆ ಒಂದು ವರ್ಷ ಅರ್ಧ ಹಿಡಿ ಉಳಿಯಿತು. ತನ್ನ ಕೈ ಸಣ್ಣದಾಯಿತೇನೋ ಅಂದುಕೊಂಡಳು. ಮುಂದೆ ಒಂದು ಹಿಡಿ ಉಳಿಯಿತು. ಆಮೇಲೆ ಎರಡು. ಈಗ ಮೂರು.

"ಅಷ್ಟ ಅಲ್ರಿ," ಎಂದಳು. "ನಿಮ್ಮ ಹೊಲಕ್ಕೂ ನಾನ ಅಕ್ಕಡಿ ಬಿಡಾಕ ಬರ್ತೇನಿ. ಅಲ್ಲಿ ಬೀಜ ಕಡಿಮಿ ಬೀಳಾಕತ್ತಿತು. ಮೊದಲ ಒಂದು ಹಿಡಿ. ಆಮ್ಯಾಲ ಎರಡು. ಈಗ ಮೂರು."

ಕಟ್ಟೆಯವರು ಮುಂದಕ್ಕೆ ಬಾಗಿದರು. ಹೊಲದ ಅಳತೆಯನ್ನು ಎಷ್ಟೋ ಮಂದಿ ಎಷ್ಟೋ ರೀತಿಯಲ್ಲಿ ಹೇಳಿದ್ದನ್ನು ಅವರು ಕೇಳಿದ್ದರು. ಒಬ್ಬ ಹೆಣ್ಣುಮಗಳ ಮುಷ್ಟಿಯ ಅಳತೆ ಮಾತ್ರ ಇವತ್ತೇ ಮೊದಲು.

"ಸಾಕ್ಷಿ ಏನೈತಿ?" ಎಂದ ಕಲ್ಮೇಶ. "ಬಾಂದಗಲ್ಲು ತೋರ್ಸು. ಕಲ್ಲ ಇಲ್ಲ ಅಂದ ಮ್ಯಾಲ ಎಲ್ಲಿ ಮಾತು? ಅಪ್ಪಾ, ನಡಿ ಮನಿಗೆ. ಬೇಕಾದ್ರ ಮೋಜಣಿಗೆ ಅರ್ಜಿ ಕೊಡ್ಲಿ."

ಅವನು ಹೇಳಿದ್ದು ಸುಳ್ಳಲ್ಲ. ಎರಿ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಮುಚ್ಚುತ್ತದೆ. ಹೀಗೆ ಬಾಯಿ ತೆರೆದು ಮುಚ್ಚುತ್ತ ಅದು ಗಡಿಯ ಎಷ್ಟೋ ಕಲ್ಲುಗಳನ್ನು ನುಂಗಿ ಕುಳಿತಿದೆ. ಆ ಬದುವಿನ ಕಲ್ಲನ್ನು ಯಾರಾದರೂ ಕಂಡು ಐವತ್ತು ವರ್ಷದ ಮೇಲಾಗಿತ್ತು. ಅರ್ಜಿ ಕೊಟ್ಟರೆ ಮೋಜಣಿಯವರು ಅಳೆಯಲು ಬರುವುದು ಯಾವಾಗಲೋ. ಬೇಲಿ ಬೀಳುವುದು ನಾಳೆ. ಗೌಡರೇ ಎಷ್ಟೋ ಸಲ "ಕಲ್ಲಿಲ್ಲದ ತಕರಾರು ತರಬ್ಯಾಡ್ರಿ" ಎಂದು ಮಂದಿಯನ್ನು ತಿರುಗಿ ಕಳಿಸಿದ್ದರು. ಈಗಲೂ ಅದೇ ಮಾತು ಅವರ ನಾಲಿಗೆಯ ತುದಿಯಲ್ಲಿತ್ತು. ಅಷ್ಟಂದು ಎದ್ದುಬಿಟ್ಟಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ.

"ಗೌಡ್ರ," ಎಂದಳು ಶೇವಂತೆವ್ವ. "ನಿಮ್ಮ ಪದ್ಧತಿ ಬಿಡಬ್ಯಾಡ್ರಿ. ನಿಮ್ಮ ಮಾತು ನಾ ಹೇಳ್ತೇನಿ. ನನ್ನ ಮಾತು ನೀವು ಹೇಳ್ರಿ."

ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಕಲ್ಮೇಶ ಬಾಯಿ ತೆರೆದ. ಗೌಡರು ಕೈ ಎತ್ತಿ ತಡೆದರು.

"ಹೇಳು," ಎಂದರು.

ಗೌಡರಿಗೆ ಧೈರ್ಯವಿತ್ತು. ಎದುರಿನವರ ಮಾತು ಹೇಳುವುದು ಎಷ್ಟು ಕಷ್ಟವೆಂದು ಅವರಿಗಲ್ಲದೆ ಇನ್ನಾರಿಗೆ ಗೊತ್ತು? ಕಲಿತವರೇ ತಡವರಿಸುತ್ತಾರೆ. ಸಿಟ್ಟು ಇಣುಕುತ್ತದೆ, ಕೊಂಕು ಬರುತ್ತದೆ. ಇವಳು ನಾಲ್ಕು ಮಾತಿಗೆ ಸೋಲುತ್ತಾಳೆ ಎಂದುಕೊಂಡರು.

ಶೇವಂತೆವ್ವ ಸೆರಗು ಸರಿ ಮಾಡಿಕೊಂಡಳು.

"ನಾ ಬಸಂತರಾಯ," ಎಂದಳು. "ನಾ ಕಳ್ಳ ಅಲ್ಲ. ನಮ್ಮ ಮನ್ಯಾಗ ಯಾರೂ ಮಂದಿದು ಒಂದು ಕಡ್ಡಿ ಮುಟ್ಟಿಲ್ಲ. ಈಕಿ ಗಂಡ ಊರಾಗ ಇಲ್ಲದಾಗ ಈಕಿ ಮಗನ ಸಾಲಿ ಫೀ ನಾ ತುಂಬೇನಿ. ಬ್ಯಾನಿ ಬಂದಾಗ ನನ್ನ ಗಾಡ್ಯಾಗ ಬಾಗೇವಾಡಿಗೆ ಕಳಸೇನಿ. ಇದೆಲ್ಲಾ ಖರೇ ಐತಿ. ನಾ ಛಲೋ ಮನಷ್ಯಾ ಅದೇನಿ."

ಗೌಡರು ಕಣ್ಣು ಕೆಳಗೆ ಹಾಕಿದರು. ಇಂಥದನ್ನು ಅವರು ನಿರೀಕ್ಷಿಸಿರಲಿಲ್ಲ.

"ನನ್ನ ಎಡಗಡಿ ಎತ್ತು ಹಟಮಾರಿ ಇತ್ತು. ಕಡೀ ಸಾಲಿಗೆ ಬಂದ್ವಿ ಅಂದ್ರ ಬದುವಿನ ಹುಲ್ಲಿಗೆ ಆಸೆ ಮಾಡಿ ಅತ್ತಾಗ ಎಳೀತಿತ್ತು. ಒಂದು ಗೇಣು, ಅದಕ್ಕಿಂತ ಹೆಚ್ಚಿಲ್ಲ. ಒಂದು ಗೇಣಿಗೆ ಯಾರು ಎತ್ತು ಹೊಡೀತಾರ? ಮುಂದಿನ ವರ್ಷ ಸರಿ ಮಾಡಿದ್ರಾತು ಅಂದ್ಕೊಂಡೆ. ಮುಂದಿನ ವರ್ಷನೂ ಎಳೀತು. ಆ ಎತ್ತು ಮಾರಿದೆ. ಹೊಸಾದು ತಂದೆ. ಅದೂ ಎಳೀತು. ಅದನ್ನೂ ಮಾರಿದೆ. ಮೂರನೇದ್ದು ತಂದೆ. ಅದೂ ಅತ್ತಾಗ ಎಳೀತು. ಎಂಥಾ ಎತ್ತು ಸಿಕ್ಕಾವಪ್ಪಾ ನನಗ ಅಂದೆ. ಆಮ್ಯಾಲ ಟ್ರ್ಯಾಕ್ಟರ್ ಬಂತು."

ಅಷ್ಟಕ್ಕೆ ಅವಳು ಮಾತು ನಿಲ್ಲಿಸಿದಳು. ಮುಂದಿನದು ಅವಳಿಗೆ ಗೊತ್ತಿರಲಿಲ್ಲ.

ಎಲ್ಲರ ಕಣ್ಣೂ ಒಮ್ಮೆಲೇ ಯಾಸೀನನ ಕಡೆ ಹೊರಳಿದವು. ಗೌಡರ ಟ್ರ್ಯಾಕ್ಟರ್ ಹೊಡೆಯುವವನು ಅವನೇ. ನಿನ್ನೆ ಕಂಬ ಇಳಿಸಿದ್ದೂ ಅವನೇ. ಕಟ್ಟೆಯ ಎದುರು ಟ್ರ್ಯಾಕ್ಟರ್ ನಿಲ್ಲಿಸಿ ಚಹಾ ಕುಡಿಯುತ್ತಿದ್ದವನು ಈಗ ಸ್ಟೀರಿಂಗಿಗೆ ಏನೋ ಹತ್ತಿದೆ ಎಂಬಂತೆ ಉಗುರಿನಿಂದ ಕೆರೆಯತೊಡಗಿದ. ಪಾಪ, ಅವನಾದರೂ ಏನು ಹೇಳಿಯಾನು?

ಗೌಡರು ಯಾಸೀನನನ್ನು ನೋಡಲಿಲ್ಲ. ತಮ್ಮ ಎಡಗೈಯನ್ನು ನೋಡಿಕೊಳ್ಳುತ್ತಿದ್ದರು. ಎರಡು ವರ್ಷದ ಹಿಂದೆ, ಹೊಲ ಹರಗುವಾಗ ಟ್ರ್ಯಾಕ್ಟರಿನ ಮಡಗಾರ್ಡ್ ಮೇಲೆ ಕುಳಿತಿದ್ದಾಗ, ಕೊನೆಯ ಸಾಲಿನಲ್ಲಿ ಈ ಕೈಯೇ ಮೇಲೆದ್ದು ಎಡಕ್ಕೆ ತೋರಿಸಿತ್ತು. "ಇನ್ನೊಂದೀಟು ಅತ್ತಾಗ ಹಿಡಿಯೋ, ಯಾಸೀನ." ಯಾಸೀನ ಹಿಂದಿರುಗಿ ನೋಡಿ, "ಇನ್ನೂ ಅತ್ತಾಗೇನ್ರಿ?" ಎಂದಿದ್ದ. ಆಗಲೂ ಕೈ ಹಾಗೇ ತೋರಿಸುತ್ತಿತ್ತು. ಟ್ರ್ಯಾಕ್ಟರಿಗೆ ಹುಲ್ಲಿನ ಆಸೆ ಎಲ್ಲಿಂದ ಬರಬೇಕು?

ಮೂವತ್ತೈದು ವರ್ಷ ಎತ್ತಿನ ಮೇಲೆ ಹಾಕಿದ್ದ ತಪ್ಪು ಒಂದು ಕ್ಷಣದಲ್ಲಿ ತಿರುಗಿ ಬಂದು ಅವರ ಮಗ್ಗುಲಲ್ಲೇ ಕುಳಿತುಬಿಟ್ಟಿತು. ಅವರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಅಚ್ಚರಿಯಾಯಿತು. ಊರ ಮಂದಿಯ ಹೊಟ್ಟೆಯೊಳಗಿನ ಮಾತನ್ನು ಬಲ್ಲ ತಾನು ತನ್ನ ಕೈ ಏನು ಮಾಡುತ್ತದೆ ಎಂಬುದನ್ನು ಬಲ್ಲವನಲ್ಲವೇ? ಬಲ್ಲವನೇ. ಅದೇ ಕಷ್ಟದ ಮಾತು. ಬಲ್ಲವನಾಗಿಯೇ ಇದ್ದೆ, ನೋಡದೆ ಇದ್ದೆ.

"ಹೌದು," ಎಂದರು ಗೌಡರು. "ಇದ ನನ್ನ ಮಾತು. ನಾ ಹೇಳಿದ್ರ ಇಷ್ಟು ಛಂದ ಹೇಳ್ತಿದ್ದಿಲ್ಲ."

"ಅಪ್ಪಾ!" ಎಂದ ಕಲ್ಮೇಶ.

ಗೌಡರು ಕಟ್ಟೆಯಿಂದ ಕೆಳಗಿಳಿದರು. ಚಪ್ಪಲಿ ಮೆಟ್ಟಿಕೊಳ್ಳಲಿಲ್ಲ. ಬಂದು ಶೇವಂತೆವ್ವನ ಎದುರಿಗೆ ಮಣ್ಣಿನಲ್ಲಿ ನಿಂತರು.

"ನಾ ಶೇವಂತೆವ್ವ," ಎಂದರು. ಯಾರಿಗೂ ನಗು ಬರಲಿಲ್ಲ. "ನನ್ನ ಉಡಿಯಾಗ ಒಂದು ಹಿಡಿ ಬೀಜ ಉಳೀತು. ಗಂಡಗ ಹೇಳೋಣಂದ್ರ ಅಂವ ಕುರಿ ಹಿಂದ ಎಲ್ಲಿ ಅದಾನೋ. ಊರಾಗ ಹೇಳೋಣಂದ್ರ ಯಾರ ಮುಂದ ಹೇಳ್ಲಿ? ಊರ ಮಂದಿ ನ್ಯಾಯಾ ಕೇಳಾಕ ಯಾರ ಕಡೆ ಹೋಗ್ತಾರೋ, ಅಂವನ ಹೊಲದಾಗ ನನ್ನ ಸಾಲು ಹೋಗ್ಯಾವ. ಅದಕ್ಕ ಸುಮ್ನ ಉಳದೆ. ಒಂದು ವರ್ಷ ಎರಡು ಹಿಡಿ ಉಳೀತು. ಅಂಗೈಯಾಗ ಬೀಜ ಹಿಡಕೊಂಡು ಬದುವಿನ ಮ್ಯಾಲ ನಿಂತೆ. ಆಚಿ ಹೊಲದಾಗ ಗೌಡ ನಿಂತಿದ್ದ. ನನ್ನ ಕೈ ನೋಡಿದ."

ಈ ಮಾತನ್ನು ಶೇವಂತೆವ್ವ ಹೇಳಿರಲಿಲ್ಲ. ಇದು ಅವರಿಬ್ಬರಿಗೇ ಗೊತ್ತಿದ್ದ ಮಾತು.

"ನನ್ನ ಕೈ ನೋಡಿ, 'ಏನ್ ಶೇವಂತೆವ್ವ, ಈ ವರ್ಷ ಬೀಜದಾಗ ಛಲೋ ಉಳತಾಯ ಮಾಡೀಯಲ್ಲ!' ಅಂತ ನಕ್ಕ. ನಾನೂ ನಕ್ಕೆ. ಅವತ್ತು ನನಗ ತಿಳೀತು, ಗೌಡಗ ಗೊತ್ತೈತಿ ಅಂತ. ಗೊತ್ತಿದ್ದ ನಕ್ಕಾನಂತ."

ಶೇವಂತೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ವರ್ಷ ಒಣಗಿದ್ದ ಕಣ್ಣು ಈಗ ತುಂಬಿ ಬಂದವು.

"ಹೌದಿಲ್ಲೋ ಹೇಳು," ಎಂದರು ಗೌಡರು.

"ಹೌದ್ರಿ," ಎಂದಳು. "ಇದ ನನ್ನ ಮಾತು."

"ಹಂಗಾರ ಮುಗೀತು." ಗೌಡರು ಕಟ್ಟೆಯ ಕಡೆ ತಿರುಗಿದರು. "ಆಕಿ ಅರವತ್ತೆರಡನೇ ಹಿಡಿ ಎಲ್ಲಿ ಮುಗೀತೈತೋ ಅಲ್ಲಿ ಬದು. ಬೇಲಿ ಹಾಕೂದಾದ್ರ ಅದರ ಈಚಿಗೆ, ನಮ್ಮ ಕಡೆ. ಕಲ್ಲು ಬ್ಯಾಡ, ಮೋಜಣಿ ಬ್ಯಾಡ."

"ಊರೇನಂತೈತಿ, ಅಪ್ಪಾ? ಇಷ್ಟು ವರ್ಷದ ಹೆಸರು..."

"ಆ ಹೆಸರು ಮುಂದಿಟ್ಕೊಂಡ ಇಷ್ಟು ವರ್ಷ ಈಕಿನ್ನ ಸುಮ್ಮ ಕುಂದ್ರಿಸೇನಲ್ಲೋ," ಎಂದರು ಗೌಡರು. ಮಗನ ಭುಜದ ಮೇಲೆ ಕೈ ಇಟ್ಟರು. ಕಲ್ಮೇಶ ಕೊಸರಿಕೊಂಡು ಮೋಟರ್ ಸೈಕಲ್ ಹತ್ತಿ ಹೋದ.

ಯಾಸೀನ ಟ್ರ್ಯಾಕ್ಟರಿನ ಹಾರ್ನ್ ಒತ್ತಿದ. ಒಮ್ಮೆ ಒತ್ತಿ, ತಪ್ಪಾಯಿತೇನೋ ಎಂದು ಅತ್ತಿತ್ತ ನೋಡಿ, ಯಾರೂ ಬೈಯಲಿಲ್ಲ ಎಂದು ಖಾತ್ರಿಯಾದ ಮೇಲೆ ಮತ್ತೆ ಉದ್ದಕ್ಕೆ ಒತ್ತಿದ. ಮರದಲ್ಲಿದ್ದ ಕಾಗೆಗಳೆಲ್ಲ ಹಾರಿ ಹೋದವು. ಆಗ ಹಿರಿಯರೂ ನಕ್ಕರು. ಶೇವಂತೆವ್ವ ಅಳುತ್ತಲೇ ನಕ್ಕಳು. ಆಮೇಲೆ ಕಟ್ಟೆಯ ಅಂಚಿಗೆ, ಗೌಡರು ಯಾವಾಗಲೂ ಕೂರುವ ಜಾಗದಲ್ಲೇ ಕುಳಿತುಬಿಟ್ಟಳು. ಒಬ್ಬರೂ ಏಳು ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಶೇವಂತೆವ್ವನ ಹೊಲದಲ್ಲಿ ಬಿತ್ತಿಗೆ. ಮಗ ಸಿದ್ರಾಮ ಕೂರಿಗೆ ಹಿಡಿದಿದ್ದ. ಹೊಲದ ಎರಡೂ ಬದಿಗೆ ಜನ ನಿಂತಿದ್ದರು. ಇಂಥದನ್ನು ನೋಡದೆ ಮನೆಯಲ್ಲಿ ಕೂರುವವರು ಮಸೂತಿಯಲ್ಲಿ ಇಲ್ಲ. ಹಳೆಯ ಬದುವನ್ನು ಗೌಡರೇ ಯಾಸೀನನಿಗೆ ಹೇಳಿ ನಸುಕಿನಲ್ಲಿ ಒಡೆಸಿ, ಹರಗಿಸಿ ಸಮ ಮಾಡಿಸಿದ್ದರು. ಕಲ್ಮೇಶನೂ ಬಂದಿದ್ದ. ಅವನ ಮುಖ ಇನ್ನೂ ಗಂಟಾಗಿತ್ತು. ಆದರೂ ಬಂದಿದ್ದ. ಬೇಲಿಯ ಗುರುತಿಗೆಂದು ನಾಲ್ಕು ಗೂಟ ಹಿಡಿದು ಒಂದು ಬದಿಗೆ ನಿಂತಿದ್ದ.

ಶೇವಂತೆವ್ವ ಎಲ್ಲರೆದುರಿಗೂ ಅರವತ್ತೆರಡು ಹಿಡಿ ಎಣಿಸಿ ಉಡಿಗೆ ಹಾಕಿಕೊಂಡಳು. ಹತ್ತು ಸಾಲಿಗೊಂದರಂತೆ ಸೆರಗಿಗೆ ಗಂಟು ಹಾಕುತ್ತ ನಡೆದಳು. ಆರನೆಯ ಗಂಟು ಬಿದ್ದಾಗ ಮಧ್ಯಾಹ್ನ ಇಳಿದಿತ್ತು. ಅರವತ್ತನೆಯ ಸಾಲು ಒಡೆದ ಬದುವನ್ನು ದಾಟಿ ಆಚೆ ಬಿತ್ತು. ಅರವತ್ತೊಂದು. ಅರವತ್ತೆರಡನೆಯ ಸಾಲಿನ ತುದಿಗೆ ಬಂದು ಅವಳು ಕೊಳವೆಯ ಮೇಲಿನಿಂದ ಕೈ ತೆಗೆದು, ಅಂಗೈ ಬಿಚ್ಚಿ ತೋರಿಸಿದಳು. ಬರಿದಾಗಿತ್ತು. ಉಡಿ ಝಾಡಿಸಿದಳು. ಒಂದು ಕಾಳೂ ಬೀಳಲಿಲ್ಲ.

ಜನ ಹೋ ಎಂದರು. ಕಲ್ಮೇಶ ಬಂದು ಆ ತುದಿಗೆ ಮೊದಲ ಗೂಟ ಊರಿದ.

ಸಿದ್ರಾಮ ಎತ್ತುಗಳನ್ನು ಗೌಡರ ಹೊಲದ ಕಡೆಯಿಂದ ತಿರುಗಿಸಿಕೊಂಡ. ತಿರುಗುವಾಗ ಕೂರಿಗೆಯ ತುದಿ ಮಣ್ಣಿಗೆ ಎಳೆದು ಖಣ್ ಎಂದಿತು.

"ಏನೋ ಹತ್ತೇತಿ," ಎಂದ ಸಿದ್ರಾಮ.

ಯಾಸೀನ ಸಲಿಕೆ ತಂದ. ನಾಲ್ಕು ಬೆರಳು ಅಗೆಯುವುದರೊಳಗೆ ಕಲ್ಲಿನ ನೆತ್ತಿ ಕಂಡಿತು. ಇನ್ನಷ್ಟು ಮಣ್ಣು ಬಿಡಿಸಿದರು. ನೆಟ್ಟಗೆ ನಿಂತ ಕಲ್ಲು, ತಲೆಯ ಮೇಲೆ ಅಡ್ಡ ಉದ್ದ ಕೊರೆದ ಗೆರೆ. ಬಾಂದಗಲ್ಲು! ಗೂಟದಿಂದ ಅದು ಒಂದು ಕೂರಿಗೆಯ ಅಗಲದಷ್ಟು, ಅಂದರೆ ಒಂದು ಸಾಲಿನಷ್ಟು, ಆಚೆಗಿತ್ತು. ಗೌಡರ ಹೊಲದೊಳಗೆ.

ಎಲ್ಲರೂ ಲೆಕ್ಕ ಹಾಕಿದರು. ಶೇವಂತೆವ್ವ ಸೊಸೆಯಾಗಿ ಬಂದಾಗ ಅರವತ್ತೆರಡು. ಅಂದರೆ ಅದಕ್ಕೂ ಮೊದಲು, ಗೌಡರ ತಂದೆಯ ಕಾಲದಲ್ಲಿ, ಒಂದು ಸಾಲು ಆಗಲೇ ಹೋಗಿತ್ತು. ಆ ತಂದೆಯ ಹೆಸರು ಹೇಳಿ ಊರಿನವರು ಇವತ್ತಿಗೂ ಆಣೆ ಇಡುತ್ತಾರೆ.

ಗೌಡರು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಬೆರಳಿನಿಂದ ಗೆರೆಯೊಳಗಿನ ಮಣ್ಣು ತೆಗೆದರು. ಆಮೇಲೆ ಅವರ ಭುಜ ಕುಲುಕಾಡಿತು. ಅಳುತ್ತಿದ್ದಾರೆಂದು ಕಲ್ಮೇಶ ಓಡಿ ಬಂದ. ನೋಡಿದರೆ ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಂತೆ, ಮಣ್ಣಿಗೆ ಕೈಯೂರಿ, ಚಿಕ್ಕ ಹುಡುಗರು ನಗುವಂತೆ ನಗುತ್ತಿದ್ದರು.

"ಕಲ್ಮೇಶಾ," ಎಂದರು ಉಸಿರು ಸಿಕ್ಕಾಗ. "ನಿಮ್ಮ ಮುತ್ಯಾನ ಎತ್ತೂ ಎಳೀತಿತ್ತಲ್ಲೋ!"

ಕಲ್ಮೇಶ ಕಲ್ಲನ್ನು ನೋಡಿದ. ತಂದೆಯನ್ನು ನೋಡಿದ. ಇನ್ನೂ ಕೈಯಲ್ಲಿದ್ದ ಮೂರು ಗೂಟಗಳನ್ನು ನೋಡಿದ. ನಗಬಾರದೆಂದು ತುಟಿ ಬಿಗಿಹಿಡಿದಿದ್ದ, ಆಗಲಿಲ್ಲ. ಹೋಗಿ ತಾನೇ ಊರಿದ್ದ ಮೊದಲ ಗೂಟವನ್ನು ಕಿತ್ತು, ತಂದು ಕಲ್ಲಿನ ಮಗ್ಗುಲಿಗೆ ಬಡಿದ. ಯಾರೂ ಹೇಳಿರಲಿಲ್ಲ.

"ಬ್ಯಾಡ್ರಿ ಗೌಡ್ರ," ಎಂದಳು ಶೇವಂತೆವ್ವ. "ನಾ ಕೇಳಿದ್ದು ಅರವತ್ತೆರಡು."

"ನೀ ಕೇಳಿದ್ದಲ್ಲ ಬೇ. ಇದು ಕಲ್ಲು ಕೇಳಾಕತ್ತೈತಿ. ಸಿದ್ರಾಮಾ, ಎತ್ತು ತಿರುವು. ಇನ್ನೊಂದು ಸಾಲೈತಿ."

"ಬೀಜ ತೀರ್ಯಾವಲ್ರಿ," ಎಂದು ಅವಳು ಉಡಿ ತೋರಿಸಿದಳು.

ಗೌಡರ ಹೊಲದ ಬಿತ್ತಿಗೆಗೆಂದು ತಂದಿದ್ದ ಕುಸುಬಿ ಚೀಲ ಟ್ರ್ಯಾಕ್ಟರಿನಲ್ಲಿತ್ತು. ಗೌಡರು ಅಲ್ಲಿಗೆ ನಡೆದು ಹೋಗಿ, ಅತ್ತಿತ್ತ ಬಟ್ಟಲು ಹುಡುಕಿ, ಸಿಗದೆ, ತಲೆಯ ಮೇಲಿನ ಟೋಪಿ ತೆಗೆದರು. ಅವರ ಬೋಳು ನೆತ್ತಿಯನ್ನು ಊರಿನವರು ನೋಡಿದ್ದು ಕಡಿಮೆ. ಟೋಪಿಯನ್ನು ಚೀಲದೊಳಗೆ ಅದ್ದಿ, ತುಂಬಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಚೆಲ್ಲದಂತೆ ಸಣ್ಣ ಹೆಜ್ಜೆ ಇಡುತ್ತ ಬಂದು ಅವಳೆದುರು ನಿಂತರು.

ಶೇವಂತೆವ್ವ ಟೋಪಿಯೊಳಗೆ ಕೈ ಹಾಕಿದಳು. ಒಂದು ಹಿಡಿ ತುಂಬ ತೆಗೆದುಕೊಂಡಳು. ಹೆಚ್ಚಾದ ನಾಲ್ಕು ಕಾಳನ್ನು ಬೆರಳು ಸಡಿಲಿಸಿ ತಿರುಗಿ ಟೋಪಿಗೇ ಬಿಟ್ಟಳು.

"ಹೂಂ, ಹೊಡಿಯಪ್ಪಾ," ಎಂದಳು ಮಗನಿಗೆ.

ಕೂರಿಗೆ ಹೊರಟಿತು. ಗೌಡರು ಉಳಿದ ಬೀಜವನ್ನು ಚೀಲಕ್ಕೆ ಸುರುವಿ, ಟೋಪಿಯನ್ನು ಮೊಣಕಾಲಿಗೆ ಎರಡು ಸಲ ಬಡಿದು ತಲೆಗೆ ಇಟ್ಟುಕೊಂಡರು. ಸರಿಯಾಗಿ ಝಾಡಿಸಿರಲಿಲ್ಲವೇನೋ. ಅವಳ ಹಿಂದೆ ಬರಿಗಾಲಲ್ಲಿ ಸಾಲು ಮುಚ್ಚುತ್ತ ನಡೆಯುವಾಗ, ಟೋಪಿಯ ಅಂಚಿನಿಂದ ಒಂದೊಂದೇ ಬಿಳಿಯ ಕಾಳು ಕಪ್ಪು ಮಣ್ಣಿಗೆ ಉದುರುತ್ತಿತ್ತು.